ನೂರು ವೋಲ್ಟಿನ ತಂತಿ: ಜಾತ್ರೆಯ ಹಾರ್ನಿನಿಂದ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನಿನವರೆಗೆ

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಮೈಕ್ ಸೆಟ್ ಅಂಗಡಿಗೆ ಹೋದರೆ ಆಂಪ್ಲಿಫೈಯರಿನ ಮುಖ ನೋಡಬೇಡಿ, ಬೆನ್ನು ನೋಡಿ. ಮುಖದ ಮೇಲಿರುವುದು ವಾಲ್ಯೂಮ್, ಬಾಸ್, ಟ್ರೆಬಲ್ ಅಷ್ಟೆ. ಬೆನ್ನ ಮೇಲೆ ಸಾಲಾಗಿ ಸ್ಕ್ರೂಗಳಿರುತ್ತವೆ: 4 ಓಮ್, 8 ಓಮ್, 16 ಓಮ್, ಆಮೇಲೆ 70 ವೋಲ್ಟ್, 100 ವೋಲ್ಟ್. ತಂತಿಯನ್ನು ಯಾವ ಸ್ಕ್ರೂವಿಗೆ ಬಿಗಿಯಬೇಕು ಎಂಬುದರಲ್ಲೇ ಈ ಕಸುಬಿನ ಅರ್ಧ ಬುದ್ಧಿವಂತಿಕೆ ಇದೆ. ಪೆಂಡಾಲಿನೊಳಗಿನ ಬಾಕ್ಸಿಗೆ 8 ಓಮ್ ಸಾಕು. ಅಂಬಾಮಠದ ಜಾತ್ರೆಯಲ್ಲೋ ಮುದಗಲ್ಲಿನ ಮೊಹರಂನಲ್ಲೋ ರಸ್ತೆಯುದ್ದಕ್ಕೂ ಕಂಬಕ್ಕೊಂದರಂತೆ ಹಾರ್ನ್ ಕಟ್ಟಬೇಕಾದಾಗ ಮಾತ್ರ 100 ವೋಲ್ಟಿನ ಲೈನೇ ಬೇಕು. ಪ್ರತಿ ಹಾರ್ನಿಗೂ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಬೇಕು.

ಕಾರಣವನ್ನು ಲೆಕ್ಕದಲ್ಲೇ ನೋಡಬಹುದು. 400 ಮೀಟರ್ ದೂರದ ಹಾರ್ನಿಗೆ ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಎಳೆದರೆ ಹೋಗಿಬರುವ ದಾರಿ 800 ಮೀಟರ್, ಅದರ ಪ್ರತಿರೋಧ ಸುಮಾರು 14 ಓಮ್. ಹಾರ್ನ್ 8 ಓಮಿನದಾದರೆ ಆಂಪ್ಲಿಫೈಯರ್ ಕೊಟ್ಟ 100 ವ್ಯಾಟ್ ಶಕ್ತಿಯಲ್ಲಿ ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ ಅದಕ್ಕೆ ತಲುಪುತ್ತದೆ, ಉಳಿದದ್ದು ತಂತಿಯನ್ನು ಬಿಸಿ ಮಾಡುತ್ತದೆ. ನೀರು ಪೂರ್ತಿ ಮುಟ್ಟದ ಎಡದಂಡೆ ಕಾಲುವೆಯ ಟೇಲೆಂಡ್ ಹೊಲದ ಪಾಡೇ ಆ ಹಾರ್ನಿನದು. ಅದೇ 100 ವ್ಯಾಟನ್ನು 100 ವೋಲ್ಟಿಗೆ ಏರಿಸಿ ಕಳಿಸಿದರೆ ಹರಿಯುವ ಕರೆಂಟ್ ಬರೀ ಒಂದು ಆಂಪಿಯರ್, ಲೈನಿಗೆ ಹಾರ್ನ್ ಕಾಣುವುದು 100 ಓಮ್ ಆಗಿ. ನೂರರಲ್ಲಿ ಎಂಬತ್ತೆಂಟು ಪಾಲು ದಡ ಸೇರುತ್ತದೆ. ತಂತಿ ಅದೇ, ಆಂಪ್ಲಿಫೈಯರ್ ಅದೇ. ಬದಲಾದದ್ದು ವೋಲ್ಟೇಜಿಗೂ ಕರೆಂಟಿಗೂ ಇರುವ ಹಂಚಿಕೆ.

ಲಕ್ಷಗಟ್ಟಲೆ ರೂಪಾಯಿಯ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನಿಗೆ ಆಂಪ್ಲಿಫೈಯರ್, ಕೇಬಲ್ ಆರಿಸುವಾಗ ಬೇಕಾಗುವುದೂ ಇದೇ ಬುದ್ಧಿ. ಆ ಲೋಕದ ಮಾತುಕತೆ ಬಹುಪಾಲು ಬೆಳ್ಳಿಯ ತಂತಿ, ‘ಬೆಚ್ಚನೆಯ’ ಧ್ವನಿ, ವ್ಯಾಟುಗಳ ಸುತ್ತ ಗಿರಕಿ ಹೊಡೆಯುತ್ತದೆ. ಎದುರಿಗಿರುವ ಹೊರೆ ಏನು ಕೇಳುತ್ತಿದೆ ಎಂಬ ಮೈಕ್ ಸೆಟ್ಟಿನವರ ಪ್ರಶ್ನೆಯನ್ನು ಅಲ್ಲಿ ಕೇಳುವವರು ಕಡಿಮೆ.

ಈ ಕಥೆ ಶುರುವಾಗುವ ವರ್ಷ ನಮ್ಮ ಕಡೆಯವರಿಗೆ ಬೇರೊಂದು ಕಾರಣಕ್ಕೆ ಗೊತ್ತು. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರಿಗೆ ಮಸ್ಕಿಯಲ್ಲಿ ಅಶೋಕನ ಶಾಸನ ಸಿಕ್ಕಿತು. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂದು ಗಟ್ಟಿಮಾಡಿದ ಶಾಸನ. ಚಿಕ್ಕವರಿಗೂ ದೊಡ್ಡವರಿಗೂ ಈ ಮಾತನ್ನು ಹೇಳಬೇಕು ಎಂಬ ಅಪ್ಪಣೆಯೂ ಅದರಲ್ಲಿದೆ. ಅಂದರೆ ಕಲ್ಲಿನ ಮೇಲಿದ್ದರೂ ಅದು ಕಿವಿಗೆ ಮುಟ್ಟಬೇಕಾದ ಮಾತು. ಅದೇ 1915ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಧಮ್ ತಮ್ಮ ಮ್ಯಾಗ್ನವಾಕ್ಸ್ ಹಾರ್ನನ್ನು ಸಾರ್ವಜನಿಕರ ಮುಂದಿಟ್ಟರು. ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಅದಕ್ಕಂಟಿದ ಪೊರೆ, ಮುಂದೆ ತುತ್ತೂರಿ. ನಮ್ಮ ಜಾತ್ರೆಯ ಹಾರ್ನ್ ಇಂದಿಗೂ ಅದೇ ವಂಶದ್ದು.

ಇನ್ನೊಂದು ವಂಶ ಸುರುಳಿಯಿಲ್ಲದ್ದು. ಎರಡು ಲೋಹದ ಫಲಕಗಳ ನಡುವೆ ವಿದ್ಯುತ್ ಚಾರ್ಜ್ ಹಿಡಿದ ತೆಳು ಪೊರೆ. ಫಲಕಗಳ ವೋಲ್ಟೇಜ್ ಏರಿಳಿದಂತೆ ಪೊರೆಯನ್ನು ಒಂದು ಫಲಕ ಎಳೆಯುತ್ತದೆ, ಇನ್ನೊಂದು ತಳ್ಳುತ್ತದೆ. ಸುರುಳಿಯ ಭಾರವೂ ಇಲ್ಲ, ಪೊರೆಯೆಲ್ಲ ಒಂದೇ ಸಮನಾಗಿ ಅಲುಗುವುದರಿಂದ ಮಧ್ಯ ಮುಂದೆ ಓಡಿ ಅಂಚು ಹಿಂದೆ ಉಳಿಯುವ ತಕರಾರೂ ಇಲ್ಲ. ಇ.ಸಿ. ವೆಂಟೆ ರೂಪಿಸಿದ ಕಂಡೆನ್ಸರ್ ಮೈಕ್ರೊಫೋನಿನ ಹಿಂದಿರುವ ತತ್ವವೂ ಇದೇ ಬಗೆಯದು, ದಿಕ್ಕು ಮಾತ್ರ ತಿರುಗುಮುರುಗು. 1925ರಲ್ಲಿ ಜನರಲ್ ಎಲೆಕ್ಟ್ರಿಕ್ಕಿನ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎರಡೂ ದಾರಿ ಪರೀಕ್ಷಿಸಿ ಸುರುಳಿಯ ಸ್ಪೀಕರನ್ನೇ ಆರಿಸಿಕೊಂಡರು. ಅಂದಿನ ವಸ್ತುಗಳಲ್ಲಿ ಸಾಕಷ್ಟು ತೆಳುವಾದ, ಗಟ್ಟಿಯಾದ ಪೊರೆ ಸಿಗುತ್ತಿರಲಿಲ್ಲ. ಪ್ಲಾಸ್ಟಿಕ್ ಹಾಳೆಗಳು ಬಂದ ಮೇಲೆ, 1957ರಲ್ಲಿ, ಇಂಗ್ಲೆಂಡಿನ ಪೀಟರ್ ವಾಕರ್ ಅವರ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ ಮಾರುಕಟ್ಟೆಗೆ ಇಳಿಯಿತು. ಕೋಣೆ ತುಂಬಿಸಬೇಕಾದ ಸ್ಪೀಕರಿಗೆ ಈ ತತ್ವ ಇಕ್ಕಟ್ಟೇ. ದೊಡ್ಡ ಧ್ವನಿಗೆ ಪೊರೆ ಹೆಚ್ಚು ದೂರ ಓಡಬೇಕು, ಓಡಿದರೆ ಫಲಕಕ್ಕೆ ತಾಗುತ್ತದೆ. ಕಿವಿಯ ಪಕ್ಕದಲ್ಲಿ ಆ ಕಷ್ಟವಿಲ್ಲ. ಇದನ್ನು ಮೊದಲು ಹಿಡಿದವರು ಜಪಾನಿನವರು. 1938ರಲ್ಲಿ ಹುಟ್ಟಿದ ಸ್ಟ್ಯಾಕ್ಸ್ ಕಂಪನಿಯ ಎಸ್‌ಆರ್-1 ಹೆಡ್‌ಫೋನ್ 1960ರಲ್ಲಿ ಮಾರಾಟಕ್ಕೆ ಬಂತು. ಅವರು ಅದಕ್ಕೆ ಹೆಡ್‌ಫೋನ್ ಎನ್ನದೆ ‘ಇಯರ್‌ಸ್ಪೀಕರ್’ ಎಂದರು, ಇಂದಿಗೂ ಹಾಗೇ ಅನ್ನುತ್ತಾರೆ.

ಆಂಪ್ಲಿಫೈಯರಿನ ಚರಿತ್ರೆ ಇಲ್ಲಿಂದ ಮುಂದಕ್ಕೆ ಎರಡು ದಾರಿ ಹಿಡಿಯಿತು. ಮೊದಲಿನದು ಮೈಕ್ ಸೆಟ್ಟಿನವರಿಗೆ ತಟ್ಟನೆ ಅರ್ಥವಾಗುವಂಥದ್ದು: ಮನೆಯಲ್ಲಿ ಈಗಾಗಲೇ ಇರುವ ಸ್ಪೀಕರ್ ಆಂಪ್ಲಿಫೈಯರಿಗೆ ಒಂದು ಪೆಟ್ಟಿಗೆ ಜೋಡಿಸಿ, ಅದರೊಳಗಿನ ಟ್ರಾನ್ಸ್‌ಫಾರ್ಮರಿನಿಂದ ಕೆಲವೇ ವೋಲ್ಟನ್ನು ನೂರಾರಕ್ಕೆ ಏರಿಸುವುದು. ಸ್ಟ್ಯಾಕ್ಸ್‌ನ ಎಸ್‌ಆರ್‌ಡಿ ಸರಣಿಯ ಪೆಟ್ಟಿಗೆಗಳು ಇಂಥವು. ಪೊರೆಗೆ ಬೇಕಾದ ಸ್ಥಿರ ಚಾರ್ಜನ್ನು, ಅಂದರೆ ಬಯಾಸನ್ನು, ಕೆಲವು ಮಾದರಿಗಳು ಗೋಡೆಯ ಪ್ಲಗ್ಗಿನಿಂದ ಪಡೆದರೆ ಕೆಲವು ಹಾಡಿನ ಸಿಗ್ನಲಿನಿಂದಲೇ ಹಿಂಡಿಕೊಳ್ಳುತ್ತಿದ್ದವು. ಅಮೆರಿಕದ ಕಾಸ್ ಕಂಪನಿ 1968ರ ಇಎಸ್‌ಪಿ-6ರಲ್ಲಿ ಟ್ರಾನ್ಸ್‌ಫಾರ್ಮರನ್ನು ಕಿವಿಯ ಬಟ್ಟಲಿನೊಳಗೇ ತುರುಕಿತು. ತಲೆಯ ಮೇಲೆ ಕಬ್ಬಿಣ ಹೊತ್ತು ಸಂಗೀತ ಕೇಳುವ ತಪಸ್ಸು ಅದು. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯನ್ನು ಬಡವರ ದಾರಿ ಎಂದು ಇಂದು ಮೂಗು ಮುರಿಯುವವರೇ ಹೆಚ್ಚು. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಒಳ್ಳೆಯ ಟ್ರಾನ್ಸ್‌ಫಾರ್ಮರ್, ಅದರ ಹಿಂದೆ ಒಳ್ಳೆಯ ಸ್ಪೀಕರ್ ಆಂಪ್ಲಿಫೈಯರ್ ಇದ್ದರೆ ಕರೆಂಟಿಗೆ ಕೊರತೆ ಬೀಳುವುದಿಲ್ಲ. ಸಾಧಾರಣ ದರ್ಜೆಯ ನೇರ ಆಂಪ್ಲಿಫೈಯರಿಗೆ ಹಲವು ಸಲ ಬೀಳುವ ಕೊರತೆ ಅದೇ.

ಎರಡನೆಯದು ಟ್ರಾನ್ಸ್‌ಫಾರ್ಮರಿಲ್ಲದೆ, ವಾಲ್ವ್ ಅಥವಾ ಟ್ರಾನ್ಸಿಸ್ಟರಿನಿಂದ ನೇರವಾಗಿ ನೂರಾರು ವೋಲ್ಟ್ ಕೊಡುವ ದಾರಿ. ವಾಲ್ವಿಗೆ ಇದು ಹುಟ್ಟುಗುಣ, ಅದು ಓಡುವುದೇ ಇಂಥ ವೋಲ್ಟೇಜಿನಲ್ಲಿ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದ ಆರಂಭದಿಂದ ರೇಡಿಯೊ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ಆ ತಯಾರಿಕೆಯ ಹಳೆಯ ವಾಲ್ವ್‌ಗಳನ್ನು ಹೊರದೇಶದ ಆಡಿಯೊ ಹುಚ್ಚಿನವರು ಇಂದು ಹುಡುಕಿ ಕೊಳ್ಳುತ್ತಾರೆ. ಅಮೆರಿಕದ ಕೆವಿನ್ ಗಿಲ್ಮೋರ್ ತಮ್ಮ ಎಲೆಕ್ಟ್ರೋಸ್ಟ್ಯಾಟಿಕ್ ಆಂಪ್ಲಿಫೈಯರ್ ವಿನ್ಯಾಸಗಳನ್ನು ಎಲ್ಲರ ಕೈಗೆ ಸಿಗುವಂತೆ ಪ್ರಕಟಿಸಿದ್ದು ಈ ಕ್ಷೇತ್ರದ ದೊಡ್ಡ ತಿರುವು. ಇಎಲ್34 ವಾಲ್ವಿನ ‘ಬ್ಲೂ ಹವಾಯಿ’, ಪೂರ್ತಿ ಟ್ರಾನ್ಸಿಸ್ಟರಿನ ‘ಕೆಜಿಎಸ್‌ಎಸ್’ ಎರಡೂ ಅವರವೇ. ಹೆಡ್‌ಫೋನ್ ತಯಾರಕರು ತಾವೇ ಮಾರುತ್ತಿದ್ದ ಆಂಪ್ಲಿಫೈಯರುಗಳು ಎಲ್ಲಿ ಸೋಲುತ್ತವೆ ಎಂಬುದು ಈ ವಿನ್ಯಾಸಗಳು ಬಂದ ಮೇಲೆ ಕೇಳುಗರಿಗೆ ಗೊತ್ತಾಯಿತು.

ಬಯಾಸ್ ವಿಷಯದಲ್ಲಿ ಎಚ್ಚರ ಬೇಕು. ಸ್ಟ್ಯಾಕ್ಸ್‌ನ ಹಳೆಯ ‘ನಾರ್ಮಲ್’ ಪದ್ಧತಿ 230 ವೋಲ್ಟಿನದು, ಪ್ಲಗ್ಗಿಗೆ ಆರು ಪಿನ್. 1980ರ ದಶಕದಲ್ಲಿ ಬಂದ ‘ಪ್ರೊ’ ಪದ್ಧತಿ 580 ವೋಲ್ಟಿನದು, ಐದು ಪಿನ್. ಪ್ರೊ ಪ್ಲಗ್ ಹಳೆಯ ಸಾಕೆಟ್ಟಿಗೆ ಕೂರುತ್ತದೆ, ಧ್ವನಿ ಕ್ಷೀಣವಾಗಿ ಬರುತ್ತದೆ ಅಷ್ಟೆ. ಹಳೆಯ ಆರು ಪಿನ್ನಿನ ಪ್ಲಗ್ ಮಾತ್ರ ಪ್ರೊ ಸಾಕೆಟ್ಟಿಗೆ ಹೋಗದಂತೆ ಮಧ್ಯದ ಪಿನ್ ತಡೆಯುತ್ತದೆ. ಹೋದರೆ 230ಕ್ಕೆ ಮಾಡಿದ ಪೊರೆಗೆ 580 ಬೀಳುತ್ತದೆ. ಆ ಪಿನ್ ಕತ್ತರಿಸಿ ತೂರಿಸುವ ಜಾಣತನ ಯಾರೂ ತೋರಬಾರದು. 580 ವೋಲ್ಟ್, ಐದು ಪಿನ್ ಎಂಬುದು ಈಗ ಹೆಚ್ಚುಕಡಿಮೆ ಈ ಕ್ಷೇತ್ರದ ಸಾಮಾನ್ಯ ಭಾಷೆ. 2021ರ ಆಡೀಜಿ ಸಿಆರ್‌ಬಿಎನ್ ಕೂಡ ಅದನ್ನೇ ಬಳಸುತ್ತದೆ. ಕಾಸ್ ಇಎಸ್‌ಪಿ-950, ಸೆನ್‌ಹೈಸರ್ ಎಚ್‌ಇ 90 ಬೇರೆ ದಾರಿಯವು.

ಈಗ ಲೆಕ್ಕ. ಸ್ಟ್ಯಾಕ್ಸ್ 2011ರಲ್ಲಿ ತಂದ ಎಸ್‌ಆರ್-009ರ ವಿವರದಲ್ಲಿ ಮೂರು ಅಂಕಿಗಳಿವೆ. 100 ವೋಲ್ಟ್ ಕೊಟ್ಟರೆ 101 ಡೆಸಿಬೆಲ್. ಕೇಬಲ್ ಸೇರಿ ಕೆಪಾಸಿಟನ್ಸ್ 110 ಪಿಕೊಫ್ಯಾರಡ್. 10 ಕಿಲೊಹರ್ಟ್ಸಿನಲ್ಲಿ ಇಂಪೆಡೆನ್ಸ್ 145 ಕಿಲೊಓಮ್. ಮತ್ತೆ ಅದೇ ನೂರು ವೋಲ್ಟ್! ಆದರೆ ಜಾತ್ರೆಯ ಲೈನಿನಲ್ಲಿ ನೂರು ವೋಲ್ಟಿಗೆ ಒಂದು ಆಂಪಿಯರ್ ಹರಿದರೆ ಇಲ್ಲಿ ಅತಿ ಎತ್ತರದ ಸ್ವರ, 20 ಕಿಲೊಹರ್ಟ್ಸಿನಲ್ಲೂ ಹರಿಯುವುದು ಒಂದೂವರೆ ಮಿಲಿಆಂಪಿಯರಿಗಿಂತ ಕಡಿಮೆ. ವ್ಯಾಟ್ ಎಂಬ ಮಾತಿಗೆ ಇಲ್ಲಿ ಅರ್ಥವೇ ಉಳಿಯುವುದಿಲ್ಲ, ಏಕೆಂದರೆ ಕೆಪಾಸಿಟರ್ ಶಕ್ತಿಯನ್ನು ತಿನ್ನುವುದಿಲ್ಲ, ತುಂಬಿಕೊಂಡು ಹಿಂದಿರುಗಿಸುತ್ತದೆ. ಆಂಪ್ಲಿಫೈಯರಿಗೆ ಕೇಳಬೇಕಾದ ಪ್ರಶ್ನೆ ಎರಡು: ಎಷ್ಟು ವೋಲ್ಟಿನವರೆಗೆ ಶುದ್ಧವಾಗಿ ಏರಬಲ್ಲೆ? ಆ ಎತ್ತರದಲ್ಲಿ ಸ್ವರ ವೇಗವಾದಾಗ ಕೆಪಾಸಿಟನ್ಸನ್ನು ತುಂಬಿ ಖಾಲಿ ಮಾಡುವಷ್ಟು ಕರೆಂಟ್ ಇದೆಯೇ? ಮೊದಲನೆಯದಕ್ಕೆ ಉತ್ತರ ಸಲೀಸು. ಮಾರುಕಟ್ಟೆಯ ಬಹುತೇಕ ಆಂಪ್ಲಿಫೈಯರುಗಳು 300ರಿಂದ 450 ವೋಲ್ಟ್ ಕೊಡುತ್ತವೆ. 400 ವೋಲ್ಟ್ ಎಂದರೆ ಲೆಕ್ಕಕ್ಕೆ 113 ಡೆಸಿಬೆಲ್, ಕಿವಿ ತಡೆಯದಷ್ಟು. ಎರಡನೆಯದನ್ನು ಜಾಹೀರಾತಿನಲ್ಲಿ ಯಾರೂ ಬರೆಯುವುದಿಲ್ಲ. ವಾಲ್ವೋ ಟ್ರಾನ್ಸಿಸ್ಟರೋ ಎಂಬ ಜಗಳಕ್ಕಿಂತ ಔಟ್‌ಪುಟ್ ಹಂತದಲ್ಲಿ ಸದಾ ಹರಿಯುವ ಕರೆಂಟ್ ಎಷ್ಟು ಎಂದು ಕೇಳುವುದು ಹೆಚ್ಚು ಉಪಯೋಗದ್ದು.

ಕೇಬಲ್ ವಿಷಯಕ್ಕೆ ಬಂದರೆ ಇದೇ ಅಂಕಿಗಳು ನಿಷ್ಠುರವಾಗುತ್ತವೆ. ಎರಡೂವರೆ ಮೀಟರ್ ಕೇಬಲ್ಲಿನ ಪ್ರತಿರೋಧ ಹೆಚ್ಚೆಂದರೆ ಓಮಿನ ಆಸುಪಾಸು. ಎದುರಿನ ಹೊರೆ ಹತ್ತಾರು ಸಾವಿರ ಓಮ್. ಅದಕ್ಕಿಂತ ತಮಾಷೆಯೆಂದರೆ, ಹಲವು ಆಂಪ್ಲಿಫೈಯರುಗಳಲ್ಲಿ ಸುರಕ್ಷತೆಗಾಗಿ ಔಟ್‌ಪುಟ್ ದಾರಿಯಲ್ಲೇ ಸುಮಾರು ಐದು ಕಿಲೊಓಮಿನ ರೆಸಿಸ್ಟರ್ ಕೂರಿಸಿರುತ್ತಾರೆ. ಐದು ಸಾವಿರ ಓಮ್ ದಾಟಿ ಬಂದ ಸಿಗ್ನಲಿಗೆ ಮುಂದಿನ ತಂತಿ ತಾಮ್ರದ್ದೋ ಬೆಳ್ಳಿಯದ್ದೋ ಎಂಬ ಭೇದ ತಿಳಿಯುವುದಿಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ತೆಗೆಯುವ ಚಿನ್ನಕ್ಕೆ ಮಾತ್ರ ಇಲ್ಲೊಂದು ಸಣ್ಣ ಕೆಲಸವಿದೆ. ಪಿನ್ನಿಗೆ ಅದರ ಲೇಪವಿದ್ದರೆ ಕಿಲುಬು ಹಿಡಿಯುವುದಿಲ್ಲ. ಧ್ವನಿ ಸಿಹಿಯಾಗುವುದೂ ಇಲ್ಲ.

ಹಾಗಾದರೆ ಕೇಬಲ್ ಯಾವುದಾದರೂ ನಡೆಯುತ್ತದೆಯೇ? ಅದೂ ಇಲ್ಲ. ಮೈಕಿಗೆ ಬಳಸುವಂಥ ಶೀಲ್ಡ್ ವೈರಿನ ಕೆಪಾಸಿಟನ್ಸ್ ಮೀಟರಿಗೆ ನೂರು ಪಿಕೊಫ್ಯಾರಡ್ ಇರುವುದು ಸಾಮಾನ್ಯ. ಎರಡೂವರೆ ಮೀಟರ್ ಎಂದರೆ 250. ಹೆಡ್‌ಫೋನಿಗಿಂತ ಕೇಬಲ್ಲೇ ಎರಡು ಪಟ್ಟಿಗೂ ಹೆಚ್ಚು ಹೊರೆ. ಆಂಪ್ಲಿಫೈಯರ್ ಬೆವರು ಸುರಿಸುವುದು ಹೆಡ್‌ಫೋನಿಗಲ್ಲ, ತಂತಿಗೆ. ಸ್ಟ್ಯಾಕ್ಸ್ ಕೇಬಲ್ ಅಗಲ ಪಟ್ಟಿಯಂತೆ ಚಪ್ಪಟೆಯಾಗಿರುವುದು ಇದೇ ಕಾರಣಕ್ಕೆ: ತಂತಿಗಳು ಒಂದರಿಂದೊಂದು ದೂರ ಇದ್ದಷ್ಟೂ ಕೆಪಾಸಿಟನ್ಸ್ ಕಡಿಮೆ. ಅದನ್ನು ತೆಗೆಸಿ, ಹೆಣೆದ ಜಡೆಯಂಥ ದುಬಾರಿ ಕೇಬಲ್ ಹಾಕಿಸಿಕೊಳ್ಳುವವರಿದ್ದಾರೆ. ನೋಡಲು ಚಂದ. ವಿದ್ಯುತ್ತಿನ ಲೆಕ್ಕದಲ್ಲಿ ಹಿಂದಕ್ಕೆ ನಡೆದಂತೆ. ಎಕ್ಸ್‌ಟೆನ್ಶನ್ ವೈರ್ ಬೇಕೇಬೇಕೆಂದರೆ ಅದೇ ಕಂಪನಿಯ ಚಪ್ಪಟೆ ವೈರ್ ಕೊಳ್ಳಿ, ಆದಷ್ಟು ಚಿಕ್ಕದನ್ನು.

ಈ ತರ್ಕವನ್ನು ತುದಿಮುಟ್ಟಿಸಿದ್ದು ಸೆನ್‌ಹೈಸರ್. ಜರ್ಮನಿಯ ಈ ಕಂಪನಿ 1991ರಲ್ಲಿ ‘ಆರ್ಫಿಯಸ್’ ಎಂದು ಹೆಸರಾದ ಎಚ್‌ಇ 90 ಜೋಡಿಯನ್ನು ತಂದಿತ್ತು, ಅದು ತಯಾರಾದದ್ದು ಮುನ್ನೂರರಷ್ಟು ಮಾತ್ರ. 2015ರಲ್ಲಿ ಪ್ರಕಟಿಸಿದ ಎಚ್‌ಇ 1ರ ಬೆಲೆ ಆಗ ಸುಮಾರು 50,000 ಯೂರೊ ಇತ್ತು. ಅಮೃತಶಿಲೆಯ ಪೆಟ್ಟಿಗೆ, ಮೇಲೇಳುವ ಎಂಟು ವಾಲ್ವ್‌ಗಳು ಎಲ್ಲರ ಕಣ್ಣು ಸೆಳೆದವು. ನನಗೆ ಅದರಲ್ಲಿ ಮೆಚ್ಚುಗೆಯಾದದ್ದು ಬೇರೆ. ನೂರಾರು ವೋಲ್ಟ್ ಕೊಡುವ ಕೊನೆಯ ಹಂತವನ್ನು ಅವರು ಕಿವಿಯ ಬಟ್ಟಲಿನೊಳಗೇ ಇಟ್ಟುಬಿಟ್ಟರು. ಕೇಬಲ್ಲನ್ನು ತುಂಬಿಸುವ ಕೆಲಸವೇ ತಪ್ಪಿತು. ಕೇಬಲ್ ಸಮಸ್ಯೆಗೆ ಇನ್ನೂ ಒಳ್ಳೆಯ ಕೇಬಲ್ ಹುಡುಕದೆ ಅದನ್ನು ದಾರಿಯಿಂದಲೇ ತೆಗೆದುಹಾಕಿದ ಉತ್ತರ ಇದು. ಕಾಸ್ ಕಂಪನಿ 1968ರಲ್ಲಿ ತಲೆಯ ಮೇಲೆ ಹೊರಿಸಿದ ಟ್ರಾನ್ಸ್‌ಫಾರ್ಮರಿಗೂ ಇದಕ್ಕೂ ನಡುವೆ ಅರ್ಧ ಶತಮಾನದಷ್ಟು ಅಂತರ, ಜಾಗ ಅದೇ.

ನಮ್ಮ ಕಡೆ ಇಂಥದ್ದನ್ನು ತರುವವರಿಗೆ ಬೇರೆ ಲೆಕ್ಕಗಳಿವೆ. ಸ್ಟ್ಯಾಕ್ಸ್ ಸೆಕೆಂಡ್‌ಹ್ಯಾಂಡ್ ಮಾಲು ಹೆಚ್ಚು ಹೊರಡುವುದು ಜಪಾನಿನಿಂದ, ಅಲ್ಲಿನ ಮನೆಯ ಕರೆಂಟ್ 100 ವೋಲ್ಟ್. ಆ ಆಂಪ್ಲಿಫೈಯರನ್ನು ನಮ್ಮ 230ರ ಪ್ಲಗ್ಗಿಗೆ ಸಿಕ್ಕಿಸಿದ ಕ್ಷಣವೇ ಅದರ ಕಥೆ ಮುಗಿಯಿತು. ಪೆಟ್ಟಿಗೆಯ ಹಿಂದೆ ಬರೆದ ಅಂಕಿ ಓದಿ, 100 ಇದ್ದರೆ ತಕ್ಕ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಳ್ಳಬೇಕು. ಪಂಪ್‌ಸೆಟ್ಟುಗಳು ಒಟ್ಟಿಗೆ ಎದ್ದಾಗ ವೋಲ್ಟೇಜ್ ಕುಸಿಯುವ ಊರುಗಳಲ್ಲಿ ಅದರ ಹಿಂದೆ ಸ್ಟೆಬಿಲೈಜರ್ ಕೂಡ. ಬಯಾಸ್ ನಿಯಂತ್ರಣ ಸರಿಯಿಲ್ಲದ ವಿನ್ಯಾಸದಲ್ಲಿ ಲೈನ್ ಇಳಿದಂತೆ 580 ಸಹ ಇಳಿಯುತ್ತದೆ. ಬೆಳ್ಳಿ ಕೇಬಲ್ಲಿಗೆ ಎತ್ತಿಟ್ಟ ದುಡ್ಡನ್ನು ಈ ಎರಡಕ್ಕೆ ಹಾಕಿದರೆ ಬಂದ ಫಲ ಕಿವಿಗೆ ಕೇಳುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕೋಣೆಯಲ್ಲಿ ಇಎಲ್34 ವಾಲ್ವ್‌ಗಳನ್ನು ಗಂಟೆಗಟ್ಟಲೆ ಉರಿಸುವುದಾದರೆ ಗಾಳಿಯಾಡುವ ಜಾಗವೂ ಬೇಕು. ಮುಚ್ಚಳ ಮಾತ್ರ ಬಿಚ್ಚಬಾರದು. ಹೆಡ್‌ಫೋನಿನ ಬಯಾಸ್ ಮೆಗಾಓಮಿನ ರೆಸಿಸ್ಟರ್ ದಾಟಿ ಬರುವುದರಿಂದ ಅದರಿಂದ ಜೀವಕ್ಕೆ ಅಪಾಯವಿಲ್ಲ, ಆದರೆ ಪೆಟ್ಟಿಗೆಯೊಳಗಿನ ಪವರ್ ಸಪ್ಲೈಗೆ ಅಂಥ ಅಡ್ಡಗಟ್ಟೆಯಿಲ್ಲ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರುಗಳು ಚಾರ್ಜ್ ಹಿಡಿದಿರುತ್ತವೆ.

ಎರೆಮಣ್ಣಿನ ಧೂಳು ಇನ್ನೊಂದು. ಚಾರ್ಜ್ ಇರುವ ಪೊರೆ ಧೂಳನ್ನು ತಾನಾಗಿ ಎಳೆಯುತ್ತದೆ. ಒಂದೆರಡು ಮೈಕ್ರಾನ್ ದಪ್ಪದ ಪೊರೆಯ ಮೇಲೆ ಒಂದು ಕಣ ಕೂತರೂ ಚಿಟಿಚಿಟಿ ಸದ್ದು. ಮಳೆಗಾಲದಲ್ಲಿ, ಸುತ್ತ ಭತ್ತದ ಗದ್ದೆಗೆ ನೀರು ಬಿಟ್ಟ ದಿನಗಳಲ್ಲಿ, ತೇವದ ಮೂಲಕ ಚಾರ್ಜ್ ಸೋರುತ್ತದೆ. ಹಳೆಯ ಮಾಲು ಕೊಳ್ಳುವಾಗ ಇದನ್ನು ಕಂಡುಹಿಡಿಯಲು ಉಪಕರಣ ಬೇಡ. ಬಯಾಸ್ ಹಾಕಿ ಅರ್ಧ ಗಂಟೆ ಬಿಟ್ಟು, ಒಂದೇ ಚಾನೆಲ್ಲಿನ ಹಳೆಯ ಧ್ವನಿಮುದ್ರಿಕೆಯನ್ನು, ಮಲ್ಲಿಕಾರ್ಜುನ ಮನ್ಸೂರರ 78 ಆರ್‌ಪಿಎಂ ಕಾಲದ್ದಾದರೆ ಒಳ್ಳೆಯದು, ಹಾಕಿ ಕೇಳಿ. ಹಾಡು ನೆತ್ತಿಯ ನಡುವೆ ನಿಲ್ಲಬೇಕು. ಒಂದು ಕಡೆಗೆ ವಾಲಿದರೆ ಎಡಬಲ ಇನ್‌ಪುಟ್ ವೈರುಗಳನ್ನು ಅದಲುಬದಲು ಮಾಡಿ ನೋಡಿ. ಆಗಲೂ ಅದೇ ಕಿವಿಯ ಕಡೆಗೇ ವಾಲುತ್ತಿದ್ದರೆ ದೋಷ ಹಾಡಿನದ್ದಲ್ಲ, ಆ ವೈರುಗಳದ್ದೂ ಅಲ್ಲ. ಬೇರೊಂದು ಹೆಡ್‌ಫೋನ್ ಸಿಕ್ಕಿಸಿ ಆಂಪ್ಲಿಫೈಯರ್ ಸರಿಯಿದೆ ಎಂದು ಖಾತ್ರಿಯಾದರೆ ಎದುರು ಬದಿಯ ಪೊರೆ ಚಾರ್ಜ್ ಹಿಡಿಯುತ್ತಿಲ್ಲ ಎಂದರ್ಥ. ಹೊಸ ಪೊರೆ ಹಾಕಿಸುವ ಖರ್ಚನ್ನು ಮುರಿದುಕೊಂಡೇ ಬೆಲೆ ಕೇಳಬೇಕು.