ಫ್ಲಾಷ್ ಬೆಳಕಿನ ಕಥೆ

ಮದುವೆಮನೆಯಲ್ಲಿ ಫ್ಲಾಷ್ ಹೊಳೆದೊಡನೆ ನೀವು ಕಣ್ಣು ಮುಚ್ಚಿರಬಹುದು. ಒಂದು ಕಾಲಕ್ಕೆ ಆ ಮಿಂಚು ಒಂದು ಮಹಾನಗರದ ಕಣ್ಣನ್ನೇ ತೆರೆಸಿತು. 1887ರಲ್ಲಿ ಜರ್ಮನಿಯ ಮೀಟೆ ಮತ್ತು ಗೆಡಿಕೆ ಎಂಬವರು ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಮೊದಲಾದವನ್ನು ಬೆರೆಸಿ, ಕ್ಷಣದಲ್ಲಿ ಭುಗ್ಗೆಂದು ಉರಿಯುವ ಪುಡಿಯನ್ನು ಸಿದ್ಧಪಡಿಸಿದರು. ಈ ಸುದ್ದಿಯನ್ನು ಓದಿದ ನ್ಯೂಯಾರ್ಕಿನ ಪತ್ರಕರ್ತ ಜೇಕಬ್ ರೀಸ್, ಹವ್ಯಾಸಿ ಛಾಯಾಗ್ರಾಹಕರನ್ನು ಜೊತೆಗೆ ಕರೆದುಕೊಂಡು, ಬಡವರು ಕಿಕ್ಕಿರಿದು ಮಲಗುತ್ತಿದ್ದ ಕತ್ತಲೆಯ ಕೋಣೆಗಳಿಗೆ ರಾತ್ರಿಯ ವೇಳೆ ನುಗ್ಗಿದರು. 1890ರಲ್ಲಿ ಅವರ ಪುಸ್ತಕ ಹೊರಬಂದಿತು. ಓದಿದವರು ಬೆಚ್ಚಿದರು, ಸುಧಾರಣೆಯ ಕೂಗೆದ್ದಿತು, 1901ರಲ್ಲಿ ಗಾಳಿ ಬೆಳಕುಗಳನ್ನು ಕಡ್ಡಾಯಗೊಳಿಸಿದ ವಸತಿ ಕಾನೂನು ಬಂದಿತು. ಆದರೆ ಆ ಚಿತ್ರಗಳಲ್ಲಿನ ನಿದ್ದೆಗಣ್ಣಿನ ಮುಖಗಳನ್ನು ನೋಡಿ: ಅವರ ಒಪ್ಪಿಗೆಯನ್ನು ಕೇಳಿದವರಾರು? ಕ್ಯಾಮೆರಾ ಹಿಡಿದ ನಾವೂ ಗುಂಡಿಯನ್ನೊತ್ತುವ ಮುನ್ನ ಒಂದು ಮಾತು ಕೇಳುವುದು ಲೇಸು.