ಮೌನಂ ಸಮ್ಮತಿ ಲಕ್ಷಣಂ ಅಂದವರು ಯಾರು?

ಲೈಂಗಿಕ ಸಮ್ಮತಿಯ ಬಗ್ಗೆ 30 ಸೆಕೆಂಡಿನ ಒಂದು ಜಾಗೃತಿ ಚಿತ್ರ ಮಾಡಬೇಕಿತ್ತು. ನಮ್ಮ ತಂಡದ ಮೊದಲ ಸ್ಕ್ರಿಪ್ಟಿನಲ್ಲಿ ಹುಡುಗಿ 'ಬೇಡ' ಅಂತ ಗಟ್ಟಿಯಾಗಿ ಕೂಗ್ತಾಳೆ, ಹುಡುಗ ಹಿಂದೆ ಸರೀತಾನೆ. ನನಗೂ ಇಷ್ಟವಾಗಿತ್ತು. ಇನ್ನೊಬ್ಬರು, 2015ರಲ್ಲಿ ಇಂಗ್ಲೆಂಡಿನ ಥೇಮ್ಸ್ ವ್ಯಾಲಿ ಪೊಲೀಸರು ಬಳಸಿದ ಚಹಾ ಕಾರ್ಟೂನನ್ನೇ ಕನ್ನಡಕ್ಕೆ ತರೋಣ ಅಂದರು. ಬೇಡ ಅಂದವರಿಗೆ ಬಲವಂತವಾಗಿ ಚಹಾ ಕುಡಿಸ್ತೀರಾ ಅನ್ನೋದು ಅದರ ಪ್ರಶ್ನೆ. ಕುಡಿಸ್ತೀವಿ ಸ್ವಾಮಿ! ನಮ್ಮ ಮನೆಗಳಲ್ಲಿ ನೆಂಟರು ಮೂರು ಸಲ 'ಬೇಡ' ಅಂದ ಮೇಲೇ ಕಾಫಿ ಲೋಟ ಬರೋದು. 'ಬೇಡ' ಅನ್ನೋದನ್ನ ಸಂಕೋಚ ಅಂತಲೇ ಓದುವ ನಮ್ಮಲ್ಲಿ ಆ ಕಾರ್ಟೂನು ಉಲ್ಟಾ ಹೊಡೆಯುತ್ತೆ.

ಆದರೆ ಕೂಗುವ ಸ್ಕ್ರಿಪ್ಟಿನ ತಪ್ಪು ಇನ್ನೂ ದೊಡ್ಡದು. ಅದು ನನಗೆ ಅರ್ಥವಾಗಿದ್ದು ಒಂದು ಹಳೇ ತೀರ್ಪು ಓದಿದಾಗ.

1972ರ ಮಾರ್ಚ್ 26ರ ರಾತ್ರಿ. ಮಹಾರಾಷ್ಟ್ರದ ಅಂದಿನ ಚಂದ್ರಪುರ ಜಿಲ್ಲೆಯ ದೇಸಾಯಿಗಂಜ್ ಪೊಲೀಸ್ ಠಾಣೆ. ಅಣ್ಣ ಕೊಟ್ಟ ದೂರಿನ ಮೇಲೆ ಹದಿಹರೆಯದ ಆದಿವಾಸಿ ಕೂಲಿ ಹುಡುಗಿಯನ್ನು ಕರೆಸಿದ್ದರು. ಹೇಳಿಕೆ ಮುಗಿದ ಮೇಲೆ ಮನೆಯವರನ್ನು ಹೊರಗೆ ಕಳಿಸಿ, ಆಕೆಯನ್ನು ಒಳಗೇ ಉಳಿಸಿಕೊಂಡರು. ಅತ್ಯಾಚಾರದ ಆರೋಪ ಬಂದದ್ದು ಇಬ್ಬರು ಪೊಲೀಸರ ಮೇಲೆ. (ಪ್ರಕರಣ ಆಕೆಯ ಹೆಸರಿನಿಂದಲೇ ಪ್ರಸಿದ್ಧ. ನಾನು ಬರೆಯೋಲ್ಲ. ಸಂತ್ರಸ್ತೆಯ ಹೆಸರು ಅಚ್ಚು ಹಾಕಬಾರದು ಅನ್ನೋ ಕಾನೂನು ಬಂದದ್ದೇ ಈ ಪ್ರಕರಣದ ಗದ್ದಲದ ನಂತರ.)

1974ರಲ್ಲಿ ಸೆಷನ್ಸ್ ಕೋರ್ಟು ಇಬ್ಬರನ್ನೂ ಬಿಟ್ಟಿತು. 1976ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, ಹೆದರಿ ಶರಣಾಗೋದು ಇಚ್ಛೆ ಅಲ್ಲ ಅಂತ ಹೇಳಿ ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ರದ್ದು ಮಾಡಿತು. ಮೈಮೇಲೆ ಗಾಯದ ಗುರುತಿಲ್ಲ, ಪ್ರತಿರೋಧಿಸಿದ ಕುರುಹಿಲ್ಲ, ಆದ್ದರಿಂದ ಆಕೆಯ ಮಾತು ನಂಬೋಕಾಗಲ್ಲ ಅನ್ನೋ ತರ್ಕ. ರಾತ್ರಿ ಹೊತ್ತು, ಪೊಲೀಸ್ ಠಾಣೆಯೊಳಗೆ, ಆ ಹುಡುಗಿ ಯಾರನ್ನು ಕೂಗಬೇಕಿತ್ತು? ಪೊಲೀಸರನ್ನೇ?

ಇಂಜಿನಿಯರಿಂಗ್ ಓದಿದವನ ಚಟ, ನನಗೆ ಇದು ಡಿಫಾಲ್ಟ್ ಸೆಟ್ಟಿಂಗಿನ ತಪ್ಪಾಗಿ ಕಾಣುತ್ತೆ. ಯಾರೂ ಏನೂ ಒತ್ತದಿದ್ದರೆ ಯಂತ್ರ 'ಹೌದು' ಅಂತ ದಾಖಲಿಸ್ತಿತ್ತು. ಮೌನಂ ಸಮ್ಮತಿ ಲಕ್ಷಣಂ!

ಒಂದು ವರ್ಷ ಯಾರೂ ಮಾತಾಡಲಿಲ್ಲ. 1979ರ ಸೆಪ್ಟೆಂಬರಿನಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ರಘುನಾಥ್ ಕೇಳ್ಕರ್, ವಸುಧಾ ಧಾಗಂವಾರ್ ಅನ್ನೋ ನಾಲ್ವರು ಕಾನೂನು ಪಂಡಿತರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಅವರ ವಾದ ಸರಳ: ಸಮ್ಮತಿ ಬೇರೆ, ಶರಣಾಗತಿ ಬೇರೆ. ಠಾಣೆಯಲ್ಲಿ ಸಾಬೀತಾಗಿದ್ದು ಎರಡನೆಯದು ಮಾತ್ರ. ಸೋಷಿಯಲ್ ಮೀಡಿಯಾ ಇಲ್ಲದ ಕಾಲ ನೋಡಿ, ಆ ಪತ್ರವನ್ನೇ ಇಟ್ಟುಕೊಂಡು 1980ರ ಮಹಿಳಾ ದಿನದಂದು ಹಲವು ನಗರಗಳಲ್ಲಿ ಹೆಂಗಸರು ಬೀದಿಗಿಳಿದರು. ನನ್ನ ಪ್ರಕಾರ ಸಮ್ಮತಿಯ ಬಗ್ಗೆ ಈ ದೇಶ ಕಂಡ ಅತ್ಯುತ್ತಮ ಜಾಗೃತಿ ಅಭಿಯಾನ ಅದೇ. ಅದು ಹುಡುಗಿಯರಿಗೆ ಏನನ್ನೂ ಕಲಿಸೋಕೆ ಹೋಗಲಿಲ್ಲ, ಕೋರ್ಟನ್ನೇ ಪ್ರಶ್ನೆ ಮಾಡಿತು.

ಸುಪ್ರೀಂ ಕೋರ್ಟು ತೀರ್ಪನ್ನು ಬದಲಿಸಲಿಲ್ಲ. ಕಾನೂನು ಬದಲಾಯಿತು. ಪೊಲೀಸರ ವಶದಲ್ಲಿದ್ದ ಮಹಿಳೆ ತಾನು ಒಪ್ಪಿರಲಿಲ್ಲ ಅಂದರೆ, ಲೈಂಗಿಕ ಸಂಪರ್ಕ ಸಾಬೀತಾಗಿದ್ದಲ್ಲಿ, ಕೋರ್ಟು ಮೊದಲು ಆಕೆಯ ಮಾತನ್ನೇ ನಂಬಬೇಕು ಅಂತ 1983ರಲ್ಲಿ ಬಂತು. ಉಳಿದವರಿಗೆ? ದೆಹಲಿ ಘಟನೆಯ ನಂತರ, 2013ರಲ್ಲಿ. ಸ್ಪಷ್ಟವಾದ, ಸ್ವಇಚ್ಛೆಯ ಒಪ್ಪಿಗೆಯೇ ಸಮ್ಮತಿ, ದೈಹಿಕವಾಗಿ ಪ್ರತಿರೋಧಿಸಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಒಪ್ಪಿದಳು ಅನ್ನುವಂತಿಲ್ಲ. ನಾಲ್ವರ ಪತ್ರ ಕಾನೂನು ಪುಸ್ತಕದೊಳಗೆ ಹೋಗೋಕೆ 34 ವರ್ಷ ಹಿಡೀತು.

ಇಷ್ಟು ತಿಳಿದ ಮೇಲೂ ನಾವು ಆ ಹುಡುಗಿಯನ್ನ ಕೂಗಿಸ್ತಾ ಇದ್ದೆವು! ಸ್ಕ್ರಿಪ್ಟ್ ಹರಿದು ಹಾಕಿದೆವು. ಹೊಸದರಲ್ಲಿ ಆಕೆಗೆ ಡೈಲಾಗೇ ಇಲ್ಲ. ಹುಡುಗ ಕೇಳ್ತಾನೆ, ಆಕೆ ಸುಮ್ಮನಿದ್ದಾಳೆ, ಅವನು ಲೈಟ್ ಹಾಕಿ 'ಮನೆಗೆ ಬಿಡ್ತೀನಿ ಬಾ' ಅಂತಾನೆ.

ಮೀಟಿಂಗಿನಲ್ಲಿ ಒಬ್ಬರು ಕೇಳಿದರು: ಇಬ್ಬರಿಗೂ ಮದುವೆ ಆಗಿದ್ರೆ? ಹದಿನೆಂಟು ದಾಟಿದ ಹೆಂಡತಿಯ ವಿಷಯದಲ್ಲಿ ಗಂಡನಿಗೆ ಕಾನೂನು ಕೊಟ್ಟಿರೋ ವಿನಾಯಿತಿ 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹಾಗೇ ಇದೆ. ಹುಡುಗಿಯ ಕೊರಳಲ್ಲಿ ತಾಳಿ ತೋರಿಸಬೇಕಾ ಬೇಡವಾ ಅಂತ ಅವತ್ತು ಒಂದು ಗಂಟೆ ಜಗಳ ಆಡಿದೆವು. ತೀರ್ಮಾನ ಇನ್ನೂ ಆಗಿಲ್ಲ.