ಸಮುದ್ರ ಸೇರುವ ನೀರು ದಂಡವೆ?



"ಹೊಳೆ ನೀರೆಲ್ಲ ಸಮುದ್ರ ಸೇರಿ ದಂಡವಾಗುತ್ತೆ" ಎಂದು ನಮ್ಮ ಕಡೆ ಹೇಳುವವರು ಬಹಳ. ಆ ಮಾತಿನ ಹಿಂದೆ ಬಾಯಾರಿಕೆ ಇದೆ. ಅರಸೀಕೆರೆಯ ಹೆಸರಿನಲ್ಲೇ ಕೆರೆ ಇದೆ. ಹಳೇಬೀಡು ಹೊಯ್ಸಳರ ಕಾಲದಲ್ಲಿ ದೋರಸಮುದ್ರ. ಅಲ್ಲೂ ದೊಡ್ಡ ಕೆರೆಯೇ ಆಧಾರ. ಬೇಲೂರಿಗೆ ಯಗಚಿ ಹೊಳೆ ಉಂಟು, ಅದಕ್ಕೂ ಅಣೆಕಟ್ಟಾಗಿದೆ. ಕಟ್ಟಿದ ನೀರಿನಿಂದ ಬದುಕುವ ನಮಗೆ, ಹೊಳೆ ಕಟ್ಟಬೇಡಿ ಎಂದವರ ಕಥೆ ವಿಚಿತ್ರವಾಗಿ ಕಾಣಬಹುದು. ಆದರೆ ಅವರೂ ನಮ್ಮಂತೆ ಬೇಸಾಯಗಾರರೇ.

ಉತ್ತರ ಕನ್ನಡ ಜಿಲ್ಲೆಯ ಬೇಡ್ತಿ ಮತ್ತು ಅಘನಾಶಿನಿ ಘಟ್ಟ ಇಳಿದು ಪಡುವಣ ಸಮುದ್ರ ಸೇರುವ ಹೊಳೆಗಳು. ಬೇಡ್ತಿಗೆ ಅಣೆಕಟ್ಟು ಹಾಕಿ ವಿದ್ಯುತ್ ತೆಗೆಯಬೇಕೆಂದು 1970ರ ದಶಕದಲ್ಲಿ ಯೋಜನೆಯಾಯಿತು. ಅಡಿಕೆ ತೋಟವೂ ಕಾಡೂ ಮುಳುಗುವುದಿತ್ತು. ಶಿರಸಿ ಸೀಮೆಯ ತೋಟಿಗರು ಬರಿದೆ ಕೂಗಾಡಲಿಲ್ಲ. ಅವರ ಅಡಿಕೆ ಮಾರುವ ತೋಟಗಾರ್ಸ್ ಸಹಕಾರಿ ಸೇಲ್ ಸೊಸೈಟಿ 1981ರ ಜನವರಿಯಲ್ಲಿ ವಿಚಾರ ಸಂಕಿರಣ ಕೂಡಿಸಿತು. ಬರುವ ವಿದ್ಯುತ್ತಿನ ಬೆಲೆ ಎಷ್ಟು, ಹೋಗುವ ತೋಟ-ಕಾಡಿನ ಬೆಲೆ ಎಷ್ಟು ಎಂದು ವಿಜ್ಞಾನಿಗಳ ಮುಂದೆ ಲೆಕ್ಕ ಇಟ್ಟಿತು. ಯೋಜನೆ ನಿಂತಿತು. 1990ರ ದಶಕದಲ್ಲಿ ಅದು ಮತ್ತೆ ತಲೆ ಎತ್ತಿದಾಗ ಜನರೂ ಮತ್ತೆ ಎದ್ದರು.

ಒಂದು ಯೋಜನೆ ನಿಂತರೆ ಹೊಳೆ ಉಳಿಯಿತು ಎನ್ನುವಂತಿಲ್ಲ. ಕಾಗದದ ಬಲವೂ ಬೇಕು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಾದ ತಿದ್ದುಪಡಿ 'ಸಂರಕ್ಷಣಾ ಮೀಸಲು' ಎಂಬ ಹೊಸ ದಾರಿ ತೆರೆಯಿತು. ಸ್ಥಳೀಯರನ್ನು ಕೇಳಿಯೇ ಸರ್ಕಾರಿ ಜಮೀನನ್ನು ಹೀಗೆ ಘೋಷಿಸಬೇಕು. ನೋಡಿಕೊಳ್ಳುವ ಸಮಿತಿಯಲ್ಲಿ ಗ್ರಾಮ ಪಂಚಾಯತಿಯವರೂ ಇರಬೇಕು. 2011ರಲ್ಲಿ ಬೇಡ್ತಿ ಮತ್ತು ಅಘನಾಶಿನಿ ಕಣಿವೆಗಳಿಗೆ ಈ ಸ್ಥಾನ ಸಿಕ್ಕಿತು. ಅಘನಾಶಿನಿಯ ಮೀಸಲು 2019ರಲ್ಲಿ ಶರಾವತಿ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿತು. 2024ರಲ್ಲಿ ಅದೇ ಹೊಳೆಯ ಅಳಿವೆ, 4,801 ಹೆಕ್ಟೇರು, ರಾಮ್ಸಾರ್ ಒಪ್ಪಂದದ ಪಟ್ಟಿಗೆ ಬಂತು.

ಆ ಅಳಿವೆಯಲ್ಲಿ ಏನಿದೆ ಅಂತೀರಾ? ಸಿಹಿನೀರು ಉಪ್ಪುನೀರು ಬೆರೆಯುವ ಗಜನಿ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ. ಚಿಪ್ಪಿ ಹೆಕ್ಕಿ, ಮೀನು ಹಿಡಿದು ಬದುಕುವ ಸಂಸಾರಗಳಿವೆ. ಮೇಲಿನಿಂದ ಸಿಹಿನೀರು ನಿಂತರೆ ಉಪ್ಪು ಏರಿ ಬರುತ್ತದೆ. ಸಮುದ್ರ ಸೇರುವ ನೀರು ದಂಡವಲ್ಲ, ಇನ್ನೊಬ್ಬ ರೈತನ ಪಾಲು.

ಹೊರದೇಶಗಳಲ್ಲೂ ಈ ವಿಚಾರ ನಡೆದಿದೆ. ಅಮೆರಿಕ ಕಾಡುಹೊಳೆಗಳಿಗೆಂದೇ 1968ರಲ್ಲಿ ಕಾನೂನು ಮಾಡಿತು. ಅಲ್ಬೇನಿಯದ ವ್ಯೋಸಾ ನದಿ 2023ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು.

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ಎತ್ತಿನಹೊಳೆ ನಮ್ಮ ಜಿಲ್ಲೆಯ ಸಕಲೇಶಪುರದ ಘಟ್ಟದಲ್ಲಿ ಹುಟ್ಟಿ ನೇತ್ರಾವತಿಗೆ ನೀರೂಡುವ ಹಳ್ಳ. ಅದರ ಹೆಸರಿನ, ವರ್ಷಕ್ಕೆ 24.01 ಟಿ.ಎಂ.ಸಿ. ನೀರನ್ನು ಮೂಡಲಿಗೆ ತಿರುಗಿಸುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಅರಸೀಕೆರೆ ತಾಲ್ಲೂಕೂ ಅದರ ಪಾಲುದಾರ. ತೆಂಗು ಒಣಗುವಾಗ ನೀರು ಬೇಡ ಅನ್ನಲು ಯಾರಿಗೆ ಮನಸ್ಸು ಬರುತ್ತೆ? ಕರಾವಳಿಯ ಜನ ಅದನ್ನು ವಿರೋಧಿಸಿದಾಗ ನಮಗೆ ಸಿಟ್ಟು ಬಂದದ್ದೂ ಸಹಜ. ಆದರೆ ಅವರು ಕೇಳಿದ್ದು ಶಿರಸಿಯವರು ಕೇಳಿದ ಲೆಕ್ಕವನ್ನೇ. ಮಳೆಗಾಲದ ನೆರೆ ಎಷ್ಟು, ಹೊಳೆಗೆ ಬಿಡುವುದೆಷ್ಟು ಎಂಬ ಲೆಕ್ಕ ಸರಿಯಿದ್ದರೆ ನಮ್ಮ ಪಾಲಿಗೂ ಭದ್ರ. ಘಟ್ಟದ ಕಾಡು ಬೋಳಾದರೆ ನಾಲೆಯಲ್ಲಿ ಬರುವುದು ಏನು?

ನಮ್ಮೂರಲ್ಲೂ ಮಾಡಬಹುದಾದ ಕೆಲಸ ಒಂದುಂಟು. 2002ರ ಜೀವವೈವಿಧ್ಯ ಕಾಯಿದೆ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಗೂ ಜೀವವೈವಿಧ್ಯ ಸಮಿತಿ ಇರಬೇಕು, ಊರಿನ ಗಿಡ, ಮೀನು, ಹಕ್ಕಿಗಳ ದಾಖಲೆ ಪುಸ್ತಕ ಬರೆಯಬೇಕು. ನಿಮ್ಮ ಕೆರೆಗೆ ನೀರು ತರುವ ಹಳ್ಳ ಯಾವುದು, ಅದರಲ್ಲಿ ಯಾವ ಮೀನಿತ್ತು, ದಡದಲ್ಲಿ ಯಾವ ಮರವಿತ್ತು ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಬರೆಸಿರಿ. ಮುಂದಿನ ಗ್ರಾಮ ಸಭೆಯಲ್ಲಿ ಆ ಪುಸ್ತಕ ಎಲ್ಲಿದೆ ಎಂದು ಕೇಳಿ ನೋಡಿ. ಶಿರಸಿಯವರು ಗೆದ್ದದ್ದು ಲೆಕ್ಕ ಇಟ್ಟುಕೊಂಡು. ಲೆಕ್ಕವಿಲ್ಲದ ಹಳ್ಳಕ್ಕೆ ವಾರಸುದಾರರಿಲ್ಲ.